ದೇಶಭಕ್ತಿಯ ಥೀಮ್ ಪಾರ್ಕ್ ಪ್ರದರ್ಶನ: ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಥೀಮ್ ಪಾರ್ಕ್‌ಗಳಿಗೆ, ಧ್ವನಿ-ಬೆಳಕಿನ ಪ್ರದರ್ಶನಗಳಿಗೆ ಸ್ಕ್ರಿಪ್ಟ್ ಬರೆಯುವವರು ಮತ್ತು ಸೆಟ್ ರೂಪಿಸುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ದೇಶದ ಕಥೆ ಹೇಳುವಾಗ ಕಲ್ಪನೆಯನ್ನು ಎಷ್ಟು ಬೆರೆಸಬಹುದು? ಎಪ್ಪತ್ತು-ಮೂವತ್ತೇ, ಅರ್ಧಕ್ಕರ್ಧವೇ? ಹೀಗೆ ಪಾಲು ಲೆಕ್ಕ ಹಾಕುತ್ತ ಕೂತರೆ ಉತ್ತರ ಸಿಗುವುದಿಲ್ಲ. ಇಡೀ ಪ್ರದರ್ಶನವೇ ಅಸಾಧ್ಯವಾದ ಕಲ್ಪನೆಯ ಮೇಲೆ ನಿಂತಿದ್ದರೂ ನೋಡುಗರು ಮೋಸಹೋಗದೇ ಇರಬಹುದು. ನಿಜವೆಂದೇ ತೋರುವ ಒಂದು ಸುಳ್ಳು ಸಾಲು ಮಾತ್ರ ಅವರ ತಲೆಯಲ್ಲಿ ಬದುಕಿಡೀ ಉಳಿದುಬಿಡಬಹುದು.

ಒಂದು ಉದಾಹರಣೆ ನೋಡಿ. ಫ್ಲೋರಿಡಾದ ಎಪ್‌ಕಾಟ್ ಪಾರ್ಕಿನಲ್ಲಿ 1982ರಲ್ಲಿ ಶುರುವಾದ 'ದಿ ಅಮೆರಿಕನ್ ಅಡ್ವೆಂಚರ್' ಎಂಬ ಪ್ರದರ್ಶನದಲ್ಲಿ ಅಮೆರಿಕದ ಸ್ಥಾಪಕರಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲೇಖಕ ಮಾರ್ಕ್ ಟ್ವೇನ್ ಜೊತೆಯಾಗಿ ಕೂತು ದೇಶದ ಕಥೆ ಹೇಳುತ್ತಾರೆ. ಫ್ರಾಂಕ್ಲಿನ್ ತೀರಿಕೊಂಡದ್ದು 1790ರಲ್ಲಿ, ಟ್ವೇನ್ ಹುಟ್ಟಿದ್ದು 1835ರಲ್ಲಿ. ಇಬ್ಬರೂ ಭೇಟಿಯಾಗಲು ಸಾಧ್ಯವೇ ಇಲ್ಲ. ಇದು ಪ್ರದರ್ಶನದ ಅತಿ ದೊಡ್ಡ ಸುಳ್ಳು, ಹಾಗೆಯೇ ಅತ್ಯಂತ ನಿರುಪದ್ರವಿ ಸುಳ್ಳು ಕೂಡ. ಯಾಕೆಂದರೆ ಅದು ತನ್ನನ್ನು ಬಚ್ಚಿಟ್ಟುಕೊಳ್ಳುವುದಿಲ್ಲ. ಅದೇ ಫ್ರಾಂಕ್ಲಿನ್ ಬಾಯಲ್ಲಿ ಅವರು ಎಂದೂ ಆಡದ ಒಂದು ಗಂಭೀರ ಮಾತು ತುರುಕಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಶಾಲಾ ಮಕ್ಕಳು ಅದನ್ನು ಪ್ರಬಂಧದಲ್ಲಿ ಬರೆದುಬಿಡುತ್ತಿದ್ದರು.

ಆದ್ದರಿಂದ ಅಳತೆಗೋಲು ಇದು: ಕಲ್ಪನೆ ಎಷ್ಟೇ ಇರಲಿ, ಅದು ಕಲ್ಪನೆಯೆಂದು ನೋಡುಗರಿಗೆ ಅಲ್ಲೇ ಗೊತ್ತಾಗಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವ ದಾರಿಗಳು. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು, ಯಾಕೆಂದರೆ ಈ ಬಗೆಯ ಪ್ರದರ್ಶನ ಅಲ್ಲಿ ದೊಡ್ಡದಾಗಿ ಬೆಳೆದಿದೆ, ಅದರ ಜಗಳಗಳೂ ಬಹಿರಂಗವಾಗಿಯೇ ನಡೆದಿವೆ.

ಶುರುಮಾಡುವ ಮುನ್ನ ಏನೇನು ಬೇಕು

ಮೊದಲಿಗೆ ಒಬ್ಬ ಇತಿಹಾಸಕಾರರು. ನಿಮ್ಮ ಕಥೆಯ ಕಾಲಘಟ್ಟದ ಮೇಲೆಯೇ ಕೆಲಸ ಮಾಡಿದವರಾಗಿರಬೇಕು. ಬರೀ 'ಇತಿಹಾಸದ ಪ್ರೊಫೆಸರ್' ಆದರೆ ಸಾಲದು. ಸ್ಕ್ರಿಪ್ಟ್ ಮುಗಿಸಿ ಅವರಿಗೆ ಕಳಿಸಿ ಸಹಿ ಹಾಕಿಸಿಕೊಳ್ಳುವುದು ಎಲ್ಲ ಕಡೆ ನಡೆಯುವ ಅಭ್ಯಾಸ. ಇದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಸೆಟ್ಟಿನ ನಕ್ಷೆ ಒಪ್ಪಿಗೆಯಾಗಿರುತ್ತದೆ, ಧ್ವನಿ ಕಲಾವಿದರ ದಿನಾಂಕ ಗೊತ್ತಾಗಿರುತ್ತದೆ, ಆಕ್ಷೇಪವನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲ ವಾರವೇ ಕರೆಯಿರಿ, ಶುಲ್ಕ ಕೊಡಿ, ಅವರ ಪ್ರತಿ ಆಕ್ಷೇಪಕ್ಕೂ ಲಿಖಿತ ಉತ್ತರ ಕೊಡುತ್ತೇವೆ ಎಂದು ಒಪ್ಪಂದದಲ್ಲಿ ಬರೆದುಕೊಡಿ.

ಎರಡನೆಯದು ಮೂಲಗಳ ಕಡತ. ಪ್ರತಿ ದೃಶ್ಯಕ್ಕೂ ಆಧಾರವಾದ ಪತ್ರ, ಭಾಷಣ, ಚಿತ್ರ, ಪತ್ರಿಕಾ ವರದಿ ಎಲ್ಲವೂ ಒಂದೇ ಕಡೆ ಇರಬೇಕು. ಮೂರನೆಯದು ಆ ಕಥೆ ಯಾರದ್ದೋ ಆ ಸಮುದಾಯದವರು. ನಾಲ್ಕನೆಯದು ಬದಲಾವಣೆಗೆಂದು ತೆಗೆದಿಟ್ಟ ಹಣ. ಆನಿಮಾಟ್ರಾನಿಕ್ಸ್, ಅಂದರೆ ಮೊದಲೇ ಧ್ವನಿಮುದ್ರಿಸಿದ ಮಾತಿಗೆ ತಕ್ಕಂತೆ ತುಟಿ, ಕಣ್ಣು, ಕೈ ಆಡಿಸುವ ಯಾಂತ್ರಿಕ ಗೊಂಬೆಗಳು, ಇರುವ ಕಡೆ ಒಂದು ವಾಕ್ಯ ಬದಲಾಯಿಸಿದರೂ ಮತ್ತೆ ಧ್ವನಿಮುದ್ರಣ ಆಗಬೇಕು, ಗೊಂಬೆಯ ಚಲನೆಯನ್ನು ಹೊಸದಾಗಿ ಹೊಂದಿಸಬೇಕು. ಈ ಖರ್ಚಿಗೆ ದುಡ್ಡಿಲ್ಲ ಎನ್ನುವ ಒಂದೇ ಕಾರಣಕ್ಕೆ ಎಷ್ಟೋ ಕಡೆ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಸಾಲು ವರ್ಷಗಟ್ಟಲೆ ಓಡುತ್ತದೆ.

ಹಂತ 1: ಕಥೆಯನ್ನು ಕಿರಿದು ಮಾಡಿ

'ನಮ್ಮ ದೇಶದ ಭವ್ಯ ಇತಿಹಾಸ' ಎನ್ನುವುದು ವಿಷಯವಲ್ಲ. ಅರ್ಧ ಗಂಟೆಗೆ ಹತ್ತಿರವಿರುವ ಅಮೆರಿಕನ್ ಅಡ್ವೆಂಚರ್ ಕೂಡ 1620ರಲ್ಲಿ ಇಂಗ್ಲೆಂಡಿನ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಿಂದ ಇಪ್ಪತ್ತನೇ ಶತಮಾನದವರೆಗೆ ಓಡಬೇಕಾಗಿ ಬಂದು, ಒಂದೊಂದು ಯುಗಕ್ಕೂ ಒಂದೆರಡು ನಿಮಿಷವಷ್ಟೇ ಕೊಡಲು ಸಾಧ್ಯವಾಯಿತು. ಹತ್ತು ಹದಿನೈದು ನಿಮಿಷದ ಪ್ರದರ್ಶನಕ್ಕೆ ಒಂದು ಘಟನೆ, ಅಥವಾ ಒಂದು ಚಳಿಗಾಲ, ಅಥವಾ ಒಂದು ತೀರ್ಮಾನ ಸಾಕು. ಕಥೆ ಕಿರಿದಾದಷ್ಟೂ ಸುಳ್ಳಿನ ಅಗತ್ಯ ಕಡಿಮೆ. ಶತಮಾನಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸುವಾಗಲೇ ಇಲ್ಲದ ಕಾರಣಗಳು, ಇಲ್ಲದ ಭೇಟಿಗಳು ಹುಟ್ಟಿಕೊಳ್ಳುವುದು.

ಹಂತ 2: ಸ್ಕ್ರಿಪ್ಟಿಗೆ ಮೂರು ಬಣ್ಣ ಹಾಕಿ

ಮೊದಲ ಕರಡು ಮುಗಿದ ಕೂಡಲೇ ಸ್ಕ್ರಿಪ್ಟಿನ ಪ್ರತಿ ವಾಕ್ಯಕ್ಕೂ ಬಣ್ಣ ಹಚ್ಚಿ. ದಾಖಲೆಯಿರುವ ಮಾತಿಗೆ ಹಸಿರು. ದಾಖಲೆ ನೇರವಾಗಿ ಹೇಳದಿದ್ದರೂ ಬಲ್ಲವರು ಒಪ್ಪುವ ಊಹೆಗೆ ಹಳದಿ. ನೀವು ಹುಟ್ಟಿಸಿದ್ದಕ್ಕೆ ಕೆಂಪು. ಮಾತಿಗಷ್ಟೇ ಅಲ್ಲ, ಸೆಟ್ಟು, ಉಡುಪು, ಹಿನ್ನೆಲೆ ಸದ್ದು, ಬಾವುಟ ಎಲ್ಲಕ್ಕೂ.

ಕೆಂಪು ಜಾಸ್ತಿ ಇದೆಯೆಂದು ಗಾಬರಿಯಾಗಬೇಡಿ. ನಿಜವಾಗಿ ಹೆದರಬೇಕಾದದ್ದು ಹಳದಿಗೆ. 'ಅವರು ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ' ಎಂಬ ಊಹೆ ಎರಡನೇ ಕರಡಿನಲ್ಲಿ 'ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ' ಆಗುತ್ತದೆ. ಮೂರನೆಯದರಲ್ಲಿ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾರೆ. ನಾಲ್ಕನೆಯದರಲ್ಲಿ ಆ ನಿಟ್ಟುಸಿರಿಗೆ ಒಂದು ಮಾತೂ ಸಿಕ್ಕಿರುತ್ತದೆ. ಯಾರೂ ಬೇಕಂತ ಸುಳ್ಳು ಬರೆದಿರುವುದಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ನುಣುಪು ಮಾಡಿರುತ್ತಾರೆ ಅಷ್ಟೇ. ಅದಕ್ಕೇ ಪ್ರತಿ ಕರಡಿಗೂ ಹೊಸದಾಗಿ ಬಣ್ಣ ಹಾಕಬೇಕು. ಹಿಂದಿನ ಕರಡಿನ ಬಣ್ಣವನ್ನು ನಕಲು ಮಾಡಬಾರದು.

ಕೊನೆಯ ಕರಡಿನಲ್ಲಿ ಪ್ರತಿ ಹಳದಿ ವಾಕ್ಯವೂ ಒಂದು ಕಡೆಗೆ ವಾಲಲೇಬೇಕು. ದಾಖಲೆ ಹುಡುಕಿ ಹಸಿರು ಮಾಡಿ, ಇಲ್ಲವೇ 'ಬಹುಶಃ', 'ಹೀಗೆನ್ನುತ್ತಾರೆ' ಎಂದು ನಿರೂಪಕರ ಬಾಯಲ್ಲೇ ಹೇಳಿಸಿ, ಅದೂ ಆಗದಿದ್ದರೆ ಎಲ್ಲರಿಗೂ ಕಲ್ಪನೆಯೆಂದು ತಿಳಿಯುವಷ್ಟು ಕೆಂಪು ಮಾಡಿ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಿಡುವುದು ಮಾತ್ರ ಬೇಡ.

ಹಂತ 3: ಕಲ್ಪನೆಗೆ ಸರಿಯಾದ ಜಾಗ ಕೊಡಿ

ಕಲ್ಪನೆಗಳೆಲ್ಲ ಒಂದೇ ತೂಕದವಲ್ಲ. ಅತ್ಯಂತ ಸುರಕ್ಷಿತವಾದದ್ದು ಚೌಕಟ್ಟಿನ ಕಲ್ಪನೆ: ಕಾಲಯಂತ್ರ, ಮಾತಾಡುವ ಭಾವಚಿತ್ರ, ಬೇರೆ ಬೇರೆ ಶತಮಾನದ ನಿರೂಪಕರು. ಇವು ಕಥೆ ಹೇಳುವ ರೀತಿಗೆ ಸೇರಿದವು, ಕಥೆಯೊಳಗೆ ನಡೆದದ್ದಕ್ಕಲ್ಲ.

ಆಮೇಲೆ ಬರುವುದು ಹೆಸರಿಲ್ಲದ ಜನಸಾಮಾನ್ಯರು. ಒಬ್ಬ ಸೈನಿಕ, ಒಂದು ಕುಟುಂಬ, ಜಗಲಿಯ ಮೇಲೆ ಹರಟುವ ನಾಲ್ಕು ಜನ. ಅಮೆರಿಕನ್ ಅಡ್ವೆಂಚರ್‌ನಲ್ಲಿ ಅಂತರ್ಯುದ್ಧದ, ಅಂದರೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಯುದ್ಧದ, ಭಾಗವನ್ನು ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿ ಫೋಟೋ ತೆಗೆಯುವ ಒಂದು ಕುಟುಂಬದ ಮೂಲಕ ಹೇಳುತ್ತಾರೆ. ಅಣ್ಣ ತಮ್ಮ ಎದುರು ಬದುರು ಪಕ್ಷಕ್ಕೆ ಸೇರುತ್ತಾರೆ. ಬ್ರೇಡಿ ನಿಜವಾಗಿದ್ದವರು, ಕುಟುಂಬ ಹುಟ್ಟಿಸಿದ್ದು. ಹಾಗೆ ಒಡೆದುಹೋದ ಕುಟುಂಬಗಳು ಇದ್ದದ್ದಂತೂ ನಿಜ. ಹೀಗೆ ಅನೇಕರ ಬದುಕಿನಿಂದ ಒಬ್ಬರನ್ನು ಕಟ್ಟುವುದನ್ನು ಸಂಯುಕ್ತ ಪಾತ್ರ ಎನ್ನುತ್ತಾರೆ. ಇದನ್ನು ಧೈರ್ಯವಾಗಿ ಬಳಸಿ. ಆದರೆ ಪಾತ್ರಕ್ಕೆ ಹೆಸರು, ಊರು, ಹುಟ್ಟಿದ ವರ್ಷ, ಪಡೆದ ಪದಕ ಎಲ್ಲ ಕೊಟ್ಟು ನಿಜ ವ್ಯಕ್ತಿಯಂತೆ ಮಾಡಬೇಡಿ. ಜನ ಮನೆಗೆ ಹೋಗಿ ಆ ಹೆಸರನ್ನು ಹುಡುಕುತ್ತಾರೆ.

ಅಪಾಯ ಇರುವುದು ಕೊನೆಯ ಬಗೆಯಲ್ಲಿ: ನಿಜ ವ್ಯಕ್ತಿ, ನಿಜ ದಿನಾಂಕ, ನಿಜ ಊರು, ಆದರೆ ನಡೆಯದ ಘಟನೆ. ನಾಯಕರು ಯುದ್ಧದ ಹಿಂದಿನ ರಾತ್ರಿ ಒಬ್ಬ ಪುಟ್ಟ ಹುಡುಗನ ಜೊತೆ ಮಾತಾಡಿದರು ಎಂಬ ಬಗೆಯ ದೃಶ್ಯಗಳು ಪ್ರತಿ ಎರಡನೇ ಸ್ಕ್ರಿಪ್ಟಿನಲ್ಲೂ ಸಿಗುತ್ತವೆ. ಕಣ್ಣೀರು ತರಿಸುವುದು ಸುಲಭ, ಅದಕ್ಕೇ ಬರೆಯುತ್ತಾರೆ. ಇಂಥದ್ದು ಬೇಕೇ ಬೇಕೆಂದರೆ ಹುಡುಗನನ್ನು ಇಂದಿನ ಕಾಲದವನನ್ನಾಗಿ ಮಾಡಿ, ಕೈಯಲ್ಲಿ ಮೊಬೈಲ್ ಕೊಡಿ. ದೃಶ್ಯದ ಭಾವ ಹಾಗೇ ಉಳಿಯುತ್ತದೆ, ಮೋಸ ಮಾತ್ರ ಇಲ್ಲವಾಗುತ್ತದೆ.

ಹಂತ 4: ಐತಿಹ್ಯಗಳನ್ನು ಬಿಸಾಡಬೇಡಿ, ಬಯಲು ಮಾಡಿ

ದೇಶಭಕ್ತಿಯ ಪ್ರದರ್ಶನಕ್ಕೆ ಬರುವವರು ತಲೆಯಲ್ಲಿ ಆಗಲೇ ಒಂದಿಷ್ಟು ಕಥೆಗಳನ್ನು ತುಂಬಿಕೊಂಡು ಬಂದಿರುತ್ತಾರೆ. ಅವುಗಳಲ್ಲಿ ಬಹಳಷ್ಟು ಘಟನೆ ನಡೆದು ದಶಕಗಳಾದ ಮೇಲೆ ಹುಟ್ಟಿದವು. ಅಮೆರಿಕದ ನಾಲ್ಕೈದನ್ನೇ ತೆಗೆದುಕೊಳ್ಳಿ.

ಬಾಲಕ ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರಕ್ಕೆ ಕೊಡಲಿ ಹಾಕಿ ಅಪ್ಪನ ಮುಂದೆ ಒಪ್ಪಿಕೊಂಡ ಕಥೆ ಮೊದಲು ಅಚ್ಚಾದದ್ದು 1806ರಲ್ಲಿ, ಮೇಸನ್ ವೀಮ್ಸ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯ ಪರಿಷ್ಕೃತ ಮುದ್ರಣದಲ್ಲಿ. ಆಗ ವಾಷಿಂಗ್ಟನ್ ತೀರಿಕೊಂಡು ಏಳು ವರ್ಷವಾಗಿತ್ತು. ಫಿಲಡೆಲ್ಫಿಯಾದ ಹೊಲಿಗೆಗಾರ್ತಿ ಬೆಟ್ಸಿ ರಾಸ್ ಮೊದಲ ಅಮೆರಿಕನ್ ಬಾವುಟ ಹೊಲಿದರು ಎಂಬುದನ್ನು ಲೋಕದ ಮುಂದಿಟ್ಟವರು ಅವರ ಮೊಮ್ಮಗ, 1870ರಲ್ಲಿ, ಮನೆಯವರ ನೆನಪಿನ ಆಧಾರದ ಮೇಲೆ. 1776ರ ಜುಲೈ 4ರಂದು ಸ್ವಾತಂತ್ರ್ಯ ಸಾರಲು ಲಿಬರ್ಟಿ ಬೆಲ್ ಎಂಬ ಗಂಟೆ ಬಾರಿಸಿದರು ಎಂಬುದು 1847ರ ಒಂದು ಕಾಲ್ಪನಿಕ ಕಥೆಯಿಂದ ಹಬ್ಬಿದ್ದು. 1775ರ ಏಪ್ರಿಲ್ ರಾತ್ರಿ ಬ್ರಿಟಿಷ್ ಸೈನ್ಯ ಬರುತ್ತಿದೆಯೆಂದು ಪಾಲ್ ರಿವಿಯರ್ ಕುದುರೆಯೇರಿ ಎಚ್ಚರಿಕೆ ಕೊಡಲು ಹೊರಟದ್ದು ನಿಜ. ಆದರೆ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು, ಕಾನ್‌ಕಾರ್ಡ್ ಊರು ತಲುಪಿದವರು ಜೊತೆಗಿದ್ದ ಸ್ಯಾಮ್ಯುಯೆಲ್ ಪ್ರೆಸ್ಕಾಟ್. ಮುಂದೆ ಬಂದ ಜನಪ್ರಿಯ ಕವಿತೆಯೊಂದರಲ್ಲಿ ಪ್ರೆಸ್ಕಾಟ್‌ಗೂ ಜಾಗವಿಲ್ಲ, ಇನ್ನೊಬ್ಬ ಸವಾರ ವಿಲಿಯಂ ಡಾಸ್‌ಗೂ ಇಲ್ಲ.

ಇಂಥ ಕಥೆ ಎದುರಾದಾಗ ಎರಡು ದಾರಿಗಳನ್ನು ಎಲ್ಲರೂ ಹಿಡಿಯುತ್ತಾರೆ: ಕಣ್ಣುಮುಚ್ಚಿ ತೋರಿಸುವುದು, ಇಲ್ಲವೇ ಸದ್ದಿಲ್ಲದೆ ಬಿಟ್ಟುಬಿಡುವುದು. ಬಿಟ್ಟರೆ 'ನಮ್ಮ ಕಥೆ ಎಲ್ಲಿ?' ಎಂದು ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಮೂರನೆಯ ದಾರಿಯೇ ಹೆಚ್ಚು ರುಚಿಕರ: ಐತಿಹ್ಯ ಹೇಗೆ ಹುಟ್ಟಿತು ಎನ್ನುವುದನ್ನೇ ದೃಶ್ಯ ಮಾಡಿ. ಮೊಮ್ಮಗ ಸಭೆಯ ಮುಂದೆ ನಿಂತು ಅಜ್ಜಿಯ ಕಥೆ ಓದುತ್ತಾನೆ. ಹಿಂದಿನ ಪರದೆಯ ಮೇಲೆ ಆ ಕಥೆ ಬೊಂಬೆಯಾಟದಂತೆ ಮೂಡುತ್ತದೆ. ಬೊಂಬೆಯಾಟವೆಂದು ಗೊತ್ತಿರುವುದರಿಂದ ನೀವು ಎಷ್ಟು ಬೇಕಾದರೂ ಬಣ್ಣ ಬಳಿಯಬಹುದು. ಮಕ್ಕಳು ಕುಣಿಯುತ್ತಾರೆ, ಇತಿಹಾಸಕಾರರಿಗೂ ತಕರಾರಿಲ್ಲ. ಒಂದು ಶತಮಾನದ ನಂತರ ಆ ಕಥೆ ದೇಶಕ್ಕೆ ಯಾಕೆ ಬೇಕಾಯಿತು ಎಂಬ ಪ್ರಶ್ನೆಯೂ ತಾನಾಗಿ ಏಳುತ್ತದೆ. ಅದೂ ದೇಶದ ಇತಿಹಾಸವೇ.

ಎಡವುವ ಜಾಗ: ಪ್ರಸಿದ್ಧ ವರ್ಣಚಿತ್ರಗಳನ್ನು ದಾಖಲೆಯೆಂದು ನಂಬುವುದು. ಸ್ವಾತಂತ್ರ್ಯ ಯುದ್ಧದಲ್ಲಿ ವಾಷಿಂಗ್ಟನ್ ಡೆಲವೇರ್ ನದಿ ದಾಟಿದ್ದು 1776ರ ಡಿಸೆಂಬರ್ 25ರ ರಾತ್ರಿ. ಎಮಾನುಯೆಲ್ ಲಾಯ್ಟ್ಸೆ ಅದನ್ನು ಚಿತ್ರಿಸಿದ್ದು 1851ರಲ್ಲಿ. ಚಿತ್ರದ ದೋಣಿಯಲ್ಲಿ ಹಾರುವ ನಕ್ಷತ್ರ-ಪಟ್ಟೆಯ ಬಾವುಟಕ್ಕೆ ಒಪ್ಪಿಗೆ ಸಿಕ್ಕಿದ್ದು ದಾಟಿದ ಮುಂದಿನ ವರ್ಷ, 1777ರ ಜೂನ್‌ನಲ್ಲಿ. ಹಾಗೆಯೇ ಜಾನ್ ಟ್ರಂಬುಲ್ ಬರೆದ, ಅಮೆರಿಕದ ಸಂಸತ್ ಭವನದಲ್ಲಿರುವ ಚಿತ್ರವನ್ನು ಸ್ವಾತಂತ್ರ್ಯ ಘೋಷಣೆಗೆ ಜುಲೈ 4ರಂದು ಸಹಿ ಹಾಕಿದ ಸಮಾರಂಭವೆಂದು ಬಹಳ ಮಂದಿ ತಿಳಿಯುತ್ತಾರೆ. ಅದು ಕರಡನ್ನು ಸಭೆಯ ಮುಂದಿಡುವ ದೃಶ್ಯ. ಸಹಿಗಳಲ್ಲಿ ಹೆಚ್ಚಿನವು ಬಿದ್ದದ್ದು ಆಗಸ್ಟ್ 2ರಂದು. ಸೆಟ್ ವಿನ್ಯಾಸಕಾರರು ಮೊದಲು ತೆರೆಯುವುದೇ ಇಂಥ ಚಿತ್ರಗಳನ್ನು. ಆದ್ದರಿಂದ ಅವರ ಆಕರ ಚಿತ್ರಗಳ ಗೋಡೆಗೂ ಮೂರು ಬಣ್ಣದ ನಿಯಮ ಅನ್ವಯಿಸಿ.

ಹಂತ 5: ನಿಜ ವ್ಯಕ್ತಿಯ ಬಾಯಿಗೆ ಮಾತು ಕೊಡುವಾಗ

ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಜಾಗ ಇದು. ಆನಿಮಾಟ್ರಾನಿಕ್ಸ್ ಗೊಂಬೆ ಕಣ್ಣು ಮಿಟುಕಿಸಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ ಮಾತಿಗೆ ಪುಸ್ತಕದ ಸಾಲಿಗಿಲ್ಲದ ಬಲ ಇರುತ್ತದೆ.

1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಇಲಿನಾಯ್ ರಾಜ್ಯದ ಮಂಟಪಕ್ಕೆಂದು ವಾಲ್ಟ್ ಡಿಸ್ನಿ ತಂಡ ಅಬ್ರಹಾಂ ಲಿಂಕನ್ ಗೊಂಬೆ ಮಾಡಿತು. ಮರುವರ್ಷ ಅದೇ ಪ್ರದರ್ಶನ ಡಿಸ್ನಿಲ್ಯಾಂಡಿಗೂ ಬಂತು. ಲಿಂಕನ್ ಅಲ್ಲಿ ಆಡಿದ ಮಾತುಗಳು ಅವರವೇ. ಆದರೆ ಬೇರೆ ಬೇರೆ ವರ್ಷದ, ಬೇರೆ ಬೇರೆ ಸಂದರ್ಭದ ಭಾಷಣಗಳಿಂದ ತುಣುಕು ಆಯ್ದು ಒಂದೇ ಭಾಷಣದಂತೆ ಹೊಲಿದದ್ದು. ಪ್ರತಿ ವಾಕ್ಯಕ್ಕೂ ಹಸಿರು ಹಚ್ಚಬಹುದು, ಒಟ್ಟು ಭಾಷಣಕ್ಕೆ ಹಚ್ಚಲಾಗದು. ಯಾವ ಮಾತಿನ ಪಕ್ಕ ಯಾವ ಮಾತು ಬಂತು, ಯಾವುದನ್ನು ಬಿಟ್ಟರು ಎಂಬುದರಿಂದ ಬೇರೆಯೇ ಲಿಂಕನ್ ಹುಟ್ಟಬಹುದು. ಹಾಗೆ ಹೊಲಿಯುವುದು ತಪ್ಪಲ್ಲ. ತುಣುಕಿಗೂ ತುಣುಕಿಗೂ ನಡುವೆ ಬೆಳಕು ಬದಲಾಗಲಿ, ಅಥವಾ ಇಸವಿ ಮೂಡಲಿ, ಅಥವಾ ನಿರೂಪಕರು ಒಂದು ಮಾತು ಹೇಳಲಿ. ಹೊಲಿಗೆ ಕಂಡರೆ ಸಾಕು.

ಇನ್ನೊಂದು ಬಲೆ ಇದೆ. ಪ್ರಸಿದ್ಧ ಉಲ್ಲೇಖಗಳಲ್ಲಿ ಕೆಲವು, ಅವು ಯಾರ ಹೆಸರಿನಲ್ಲಿ ಇವೆಯೋ ಅವರ ಬಾಯಿಂದ ನೇರವಾಗಿ ಬಂದವಲ್ಲ. 'ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ' ಎಂದು ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ 1775ರಲ್ಲಿ ಗುಡುಗಿದರು ಎನ್ನುತ್ತೇವೆ. ಆ ಭಾಷಣದ ಈಗಿನ ಪಠ್ಯ ವಿಲಿಯಂ ವರ್ಟ್ ಎಂಬವರು ಕೇಳಿದ್ದವರ ನೆನಪುಗಳಿಂದ ಕಟ್ಟಿ 1817ರಲ್ಲಿ ಪ್ರಕಟಿಸಿದ್ದು. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಹೋರಾಟಗಾರ್ತಿ ಸೊಜರ್ನರ್ ಟ್ರೂತ್ 1851ರಲ್ಲಿ ಮಾಡಿದ ಭಾಷಣದ್ದು ಇನ್ನೂ ಸ್ವಾರಸ್ಯದ ಪ್ರಸಂಗ. 'ನಾನು ಹೆಣ್ಣಲ್ಲವೇ?' ಎಂಬ ಪಲ್ಲವಿ ಇರುವ ರೂಪ ಹನ್ನೆರಡು ವರ್ಷದ ನಂತರ ಬೇರೊಬ್ಬರು ಬರೆದದ್ದು. ಭಾಷಣ ಮಾಡಿದ ವರ್ಷವೇ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ಆ ಮಾತಿಲ್ಲ. ಮೇಲಾಗಿ ನಂತರದ ರೂಪದಲ್ಲಿ ಅವರಿಗೆ ದಕ್ಷಿಣದ ರಾಜ್ಯಗಳ ಆಡುನುಡಿ ಅಂಟಿಸಿದ್ದಾರೆ. ಅವರು ನ್ಯೂಯಾರ್ಕ್ ರಾಜ್ಯದವರು, ಚಿಕ್ಕಂದಿನಲ್ಲಿ ಆಡುತ್ತಿದ್ದದ್ದು ಡಚ್ ಭಾಷೆ. ಧ್ವನಿ ಕಲಾವಿದರನ್ನು ಆರಿಸುವಾಗ ಈ ವಿಷಯ ಗೊತ್ತಿಲ್ಲದಿದ್ದರೆ, ತಪ್ಪು ಬರೀ ಪದಗಳಲ್ಲಿ ನಿಲ್ಲದೆ ಉಚ್ಚಾರಣೆಗೂ ಹಬ್ಬುತ್ತದೆ.

ಮೂಲನಿವಾಸಿ ನೆಜ್ ಪರ್ಸ್ ಜನರ ನಾಯಕ ಚೀಫ್ ಜೋಸೆಫ್ 1877ರಲ್ಲಿ ಶರಣಾದಾಗ ಆಡಿದರೆನ್ನುವ ಮಾತುಗಳೂ ದುಭಾಷಿಯ ಮೂಲಕ, ಒಬ್ಬ ಸೇನಾಧಿಕಾರಿಯ ಲೇಖನಿಯಿಂದ ಬಂದವು. ಸೋತವರ ಮಾತು ಗೆದ್ದವರ ಕಾಗದದಲ್ಲಿ ಮಾತ್ರ ಉಳಿದಿರುವಾಗ, ಆ ಕಾಗದವನ್ನೂ ದೃಶ್ಯದಲ್ಲಿ ತೋರಿಸಿ: ಬರೆದುಕೊಳ್ಳುತ್ತಿರುವ ಅಧಿಕಾರಿ ಒಂದು ಪಕ್ಕದಲ್ಲಿ ಕಾಣಲಿ.

ಪಾಲಿಸಬೇಕಾದದ್ದು ಇಷ್ಟು. ನಿಜ ವ್ಯಕ್ತಿ ಗಂಭೀರವಾಗಿ ಮಾತಾಡಿದರೆ ಅದು ದಾಖಲಾದ ಮಾತೇ ಆಗಿರಲಿ. ಹುಟ್ಟಿಸಿದ ಮಾತು ಬೇಕಿದ್ದರೆ ಹಾಸ್ಯಕ್ಕೆ, ಅಥವಾ ಸ್ಪಷ್ಟವಾಗಿ ಇಂದಿನ ಕಾಲದ ಹರಟೆಗೆ ಸೀಮಿತವಾಗಿರಲಿ. ಬದುಕಿರುವ ನಾಯಕರ ಗೊಂಬೆ ಮಾಡುವ ಆಸೆಯಿದ್ದರೆ ಎರಡು ಸಲ ಯೋಚಿಸಿ. ಅಮೆರಿಕದ ಅಧ್ಯಕ್ಷರ ಗೊಂಬೆಗಳಿರುವ ಫ್ಲೋರಿಡಾದ 'ಹಾಲ್ ಆಫ್ ಪ್ರೆಸಿಡೆಂಟ್ಸ್' ಪ್ರದರ್ಶನಕ್ಕೆ 1993ರಲ್ಲಿ ಬಿಲ್ ಕ್ಲಿಂಟನ್ ತಾವೇ ಧ್ವನಿ ಕೊಟ್ಟರು. ಹಾಲಿ ಅಧ್ಯಕ್ಷರು ಅಲ್ಲಿ ಮಾತಾಡುವ ಪದ್ಧತಿ ಹೀಗೆ ಶುರುವಾಯಿತು. ಅಂದಿನಿಂದ ಪ್ರತಿ ಅಧಿಕಾರ ಬದಲಾವಣೆಯೂ ಆ ರಂಗಮಂದಿರದೊಳಗೆ ಬರುತ್ತದೆ, ಜೊತೆಗೆ ಚಪ್ಪಾಳೆ ಮತ್ತು ಧಿಕ್ಕಾರವೂ.

ಹಂತ 6: ನೋವಿನ ಇತಿಹಾಸವನ್ನು ರೈಡ್ ಮಾಡಬೇಡಿ

1993ರ ನವೆಂಬರ್‌ನಲ್ಲಿ ಡಿಸ್ನಿ ಕಂಪನಿ ವರ್ಜೀನಿಯಾದ ಹೇಮಾರ್ಕೆಟ್ ಬಳಿ 'ಡಿಸ್ನೀಸ್ ಅಮೆರಿಕ' ಎಂಬ ಇತಿಹಾಸದ ಪಾರ್ಕ್ ಘೋಷಿಸಿತು. ಉಕ್ಕಿನ ಕಾರ್ಖಾನೆಯ ಕುಲುಮೆಗಳ ನಡುವೆ ಓಡುವ ರೋಲರ್ ಕೋಸ್ಟರ್, ಅಂತರ್ಯುದ್ಧದ ಕೋಟೆ ಎಲ್ಲ ಯೋಜನೆಯಲ್ಲಿದ್ದವು. ಗುಲಾಮಗಿರಿಯ ಅನುಭವವನ್ನೂ ಜನರಿಗೆ ಮುಟ್ಟಿಸುತ್ತೇವೆ ಎಂಬರ್ಥದ ಮಾತು ರೂಪಿಸುವವರ ಕಡೆಯಿಂದ ಬಂದಾಗ ಕಿಡಿ ಹತ್ತಿತು. ಜಾಗ ಅಂತರ್ಯುದ್ಧದ ಮನಾಸಸ್ ರಣಭೂಮಿಯಿಂದ ಕೆಲವೇ ಮೈಲಿ ದೂರ. ಡೇವಿಡ್ ಮೆಕಲ್ಲೊ, ಜೇಮ್ಸ್ ಮೆಕ್‌ಫರ್ಸನ್‌ರಂಥ ಇತಿಹಾಸಕಾರರು ಬಹಿರಂಗವಾಗಿ ವಿರೋಧಿಸಿದರು. ವಾಹನ ದಟ್ಟಣೆ, ಜಮೀನಿನ ಬಗ್ಗೆ ಸ್ಥಳೀಯರ ತಕರಾರುಗಳೂ ಸೇರಿಕೊಂಡವು. 1994ರ ಸೆಪ್ಟೆಂಬರ್‌ನಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು.

ಕೈಬಿಟ್ಟ ಎರಡು ವಾರದಲ್ಲಿ ಅದೇ ರಾಜ್ಯದ ಇನ್ನೊಂದು ಕಡೆ ಏನಾಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಹದಿನೆಂಟನೇ ಶತಮಾನದ ಊರನ್ನು ಮರಳಿ ಕಟ್ಟಿ, ವೇಷ ತೊಟ್ಟ ಕಲಾವಿದರ ಮೂಲಕ ಆ ಕಾಲದ ಬದುಕು ತೋರಿಸುವ ಜೀವಂತ ಸಂಗ್ರಹಾಲಯ. 1994ರ ಅಕ್ಟೋಬರ್ 10ರಂದು ಅದು ಗುಲಾಮರ ಹರಾಜನ್ನು ಬೀದಿಯಲ್ಲೇ ಅಭಿನಯಿಸಿ ತೋರಿಸಿತು. ಪ್ರತಿಭಟನೆ ಅಲ್ಲೂ ಜೋರಾಗಿಯೇ ಇತ್ತು. ಆದರೆ ಅದನ್ನು ರೂಪಿಸಿದ್ದು ಆ ಸಂಸ್ಥೆಯ ಆಫ್ರಿಕನ್-ಅಮೆರಿಕನ್ ವಿಭಾಗವೇ. ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್ ತಾವೇ ಹರಾಜಿಗೆ ನಿಂತ ಹೆಣ್ಣಿನ ಪಾತ್ರ ವಹಿಸಿದರು. ವಿರೋಧಿಸಲು ಬಂದಿದ್ದ ಮುಖಂಡರಲ್ಲೊಬ್ಬರು ಅಭಿನಯ ಕಂಡು ಅಭಿಪ್ರಾಯ ಬದಲಿಸಿಕೊಂಡರು.

ಇವೆರಡರ ನಡುವಿನ ಅಂತರ ಬರೀ ಸಂಶೋಧನೆಯದ್ದಲ್ಲ. ಯಾರು ಹೇಳುತ್ತಿದ್ದಾರೆ, ಮತ್ತು ನೋಡುಗರ ಮೈ ಆಗ ಯಾವ ಸ್ಥಿತಿಯಲ್ಲಿದೆ ಎಂಬುದೂ ಮುಖ್ಯ. ಡಾರ್ಕ್ ರೈಡ್‌ನಲ್ಲಿ, ಅಂದರೆ ಕತ್ತಲ ಕಟ್ಟಡದೊಳಗೆ ಬಂಡಿ ಕೂರಿಸಿಕೊಂಡು ದೃಶ್ಯದಿಂದ ದೃಶ್ಯಕ್ಕೆ ಒಯ್ಯುವ ಸವಾರಿಯಲ್ಲಿ, ನೋಡುಗರು ಕಿರುಚಲು, ನಗಲು ಸಿದ್ಧರಾಗಿ ಕೂತಿರುತ್ತಾರೆ. ಅಲ್ಲಿ ಸರಪಳಿ ತೊಟ್ಟ ಮನುಷ್ಯರನ್ನು ತೋರಿಸಿದರೆ ಅವರೂ ಥ್ರಿಲ್‌ನ ಭಾಗವಾಗಿಬಿಡುತ್ತಾರೆ. ನೋವಿನ ಭಾಗ ಬಂದಾಗ ಬಂಡಿ ನಿಲ್ಲಲಿ, ಅಥವಾ ಜನ ಇಳಿದು ನಡೆಯಲಿ. ಸಂಗೀತ ನಿಲ್ಲಿಸಿ. 'ನೀವೇ ಗುಲಾಮರು', 'ನೀವೇ ನಿರಾಶ್ರಿತರು' ಎಂದು ನೋಡುಗರಿಗೆ ಪಾತ್ರ ಹಂಚಬೇಡಿ. ಹತ್ತು ನಿಮಿಷದಲ್ಲಿ ಹೊರಗೆ ಹೋಗಿ ಐಸ್‌ಕ್ರೀಮ್ ತಿನ್ನಬಲ್ಲವರಿಗೆ ಆ ಅನುಭವ ಆಗಿದೆಯೆಂದು ನಂಬಿಸುವುದೇ ಒಂದು ಸುಳ್ಳು.

ನೋವನ್ನು ಪೂರ್ತಿ ಬಿಟ್ಟುಬಿಡುವುದೂ ಉಪಾಯವಲ್ಲ. ದೇಶಭಕ್ತಿಗೆ ಧಕ್ಕೆಯಾಗುತ್ತದೆಂದು ಹಣ ಹೂಡುವವರು ಹೆದರಿದರೆ, ತಪ್ಪನ್ನು ತಿದ್ದಲು ಹೋರಾಡಿದವರನ್ನು ತೋರಿಸಿ. ಅಮೆರಿಕನ್ ಅಡ್ವೆಂಚರ್ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಆಂಟನಿ, ಚೀಫ್ ಜೋಸೆಫ್‌ ಅವರಿಗೆ ಜಾಗ ಕೊಟ್ಟದ್ದು ಹೀಗೆಯೇ. ಅವರು ದೇಶವನ್ನು ಪ್ರಶ್ನಿಸುತ್ತಾರೆ, ಪ್ರದರ್ಶನ ದೇಶಭಕ್ತಿಯದ್ದಾಗಿಯೇ ಉಳಿಯುತ್ತದೆ.

ಹಂತ 7: ಸೆಟ್ಟು, ವಸ್ತು, ಬೆಳಕು

ಕಟ್ಟಡದ ಅಳತೆಯಲ್ಲಿ ಆಡುವ ಆಟಕ್ಕೆ ಯಾರೂ ಬೇಸರಪಡುವುದಿಲ್ಲ. ಮೇಲ್ಮಹಡಿಗಳನ್ನು ಚಿಕ್ಕದಾಗಿ ಕಟ್ಟಿ ಕಟ್ಟಡ ಎತ್ತರವೆನ್ನಿಸುವ ಹಾಗೆ ಮಾಡುವುದಕ್ಕೆ ಫೋರ್ಸ್ಡ್ ಪರ್ಸ್‌ಪೆಕ್ಟಿವ್ ಎನ್ನುತ್ತಾರೆ. ಅಮೆರಿಕನ್ ಅಡ್ವೆಂಚರ್‌ನ ಕಟ್ಟಡದಲ್ಲಿ ಇದನ್ನು ತಿರುವುಮುರುವು ಮಾಡಿ, ದೊಡ್ಡ ಕಟ್ಟಡವನ್ನು ಹಳೆಯ ಕಾಲದ ಚಿಕ್ಕ ಕಟ್ಟಡದಂತೆ ಕಾಣಿಸಿದ್ದಾರೆ. ಇದು ರಂಗಸಜ್ಜಿಕೆ, ಇತಿಹಾಸದ ಹೇಳಿಕೆಯಲ್ಲ.

ವಸ್ತುಗಳ ವಿಷಯ ಹಾಗಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದನ್ನು ಜನ ಅಸಲಿಯೆಂದೇ ತಿಳಿಯುತ್ತಾರೆ. ನಕಲಿಗೆ 'ಪ್ರತಿಕೃತಿ' ಎಂದು ಬರೆಯಿರಿ, ಓದಲಾಗುವ ಗಾತ್ರದಲ್ಲಿ. ಅಸಲಿಯೋ ಅಲ್ಲವೋ ಎಂಬ ವಿವಾದ ಇದ್ದರೆ ಅದನ್ನೂ ಬರೆಯಿರಿ. ಫ್ರಾನ್ಸಿನ ವಾಂಡೆ ಪ್ರದೇಶದ ಪುಯಿ ದು ಫೂ ಪಾರ್ಕ್ 2016ರಲ್ಲಿ ಹದಿನೈದನೇ ಶತಮಾನದ ವೀರಾಂಗನೆ ಜೋನ್ ಆಫ್ ಆರ್ಕ್‌ರದ್ದೆನ್ನಲಾದ ಉಂಗುರವನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡು ವೈಭವದಿಂದ ತಂದಿತು. ಉಂಗುರ ಅವರದ್ದೇ ಎನ್ನುವುದನ್ನು ಅನುಮಾನಿಸುವ ಇತಿಹಾಸಕಾರರಿದ್ದಾರೆ. ಆ ಪಾರ್ಕಿನ ಅದ್ಭುತ ದೃಶ್ಯಗಳಿಗೆ ಜನ ಮುಗಿಬೀಳುತ್ತಾರೆ, ಫ್ರಾನ್ಸಿನ ಇತಿಹಾಸವನ್ನು ರಾಜಪ್ರಭುತ್ವ ಮತ್ತು ಚರ್ಚಿನ ಪರವಾಗಿ ಬಾಗಿಸುತ್ತದೆ ಎಂಬ ಟೀಕೆಯೂ ಬೆನ್ನಟ್ಟಿದೆ. ಕೋಟೆಯ ಮೇಲಿಂದ ಹಾರುವ ವೀರನನ್ನು ಕಂಡು ಯಾರೂ ಇತಿಹಾಸ ಕಲಿಯುವುದಿಲ್ಲ. ಪೆಟ್ಟಿಗೆಯೊಳಗಿನ ಉಂಗುರದಿಂದ ಕಲಿಯುತ್ತಾರೆ.

ಕಲ್ಪನೆಯ ಭಾಗಕ್ಕೆ ಒಂದೇ ಗುರುತು ಇಟ್ಟುಕೊಂಡು ಕೊನೆಯವರೆಗೂ ಪಾಲಿಸಿ: ಒಂದು ಬಗೆಯ ನೀಲಿ ಬೆಳಕು, ಒಂದು ವಾದ್ಯ, ಅಥವಾ ಪೆಪ್ಪರ್ಸ್ ಘೋಸ್ಟ್. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಮರೆಯಲ್ಲಿರುವ ವ್ಯಕ್ತಿಯ ಪ್ರತಿಬಿಂಬ ಬೀಳಿಸಿ, ಪಾರದರ್ಶಕ ಆಕೃತಿ ರಂಗದ ಮೇಲೆ ಸುಳಿದಂತೆ ಮಾಡುವ ತಂತ್ರ ಇದು. 1862ರಲ್ಲಿ ಲಂಡನ್ನಿನಲ್ಲಿ ಹೆಸರು ಮಾಡಿತು, ಇಂದಿಗೂ ಓಡುತ್ತದೆ. ಎರಡನೇ ಸಲ ಆ ಗುರುತು ಕಂಡಾಗ ಮಕ್ಕಳಿಗೂ ನಿಯಮ ಅರ್ಥವಾಗಿರುತ್ತದೆ.

ಹಂತ 8: ಹೊರಬಾಗಿಲಲ್ಲಿ ಕೇಳಿ ನೋಡಿ

'ಇಷ್ಟವಾಯಿತೇ?' ಎಂದು ಕೇಳಬೇಡಿ. ಪ್ರಯೋಗದ ಪ್ರದರ್ಶನ ಮುಗಿಸಿ ಹೊರಬರುವವರ ಕೈಗೆ ಆರು ಘಟನೆಗಳ ಚೀಟಿ ಕೊಡಿ: ಮೂರು ನಡೆದದ್ದು, ಮೂರು ನೀವು ಹುಟ್ಟಿಸಿದ್ದು. ಯಾವುದು ನಿಜ ಎಂದು ಗುರುತು ಹಾಕಲಿ. ಹುಟ್ಟಿಸಿದ ಘಟನೆಯೊಂದನ್ನು ಬಹುಪಾಲು ಜನ ನಿಜವೆಂದರೆ ಆ ದೃಶ್ಯ ಬದಲಾಗಬೇಕು. ನಿಜ ಘಟನೆಯನ್ನು ಸುಳ್ಳೆಂದರೂ ಬದಲಾಗಬೇಕು. ಕಲ್ಪನೆಯ ಅಬ್ಬರದಲ್ಲಿ ನಿಜ ಮುಳುಗಿದೆ ಎಂದರ್ಥ, ಮತ್ತು ಇದು ಅನೇಕರ ಗಮನಕ್ಕೇ ಬರುವುದಿಲ್ಲ. ಹತ್ತು-ಹನ್ನೆರಡು ವರ್ಷದ ಮಕ್ಕಳನ್ನೂ, ಆ ಇತಿಹಾಸ ಗೊತ್ತಿಲ್ಲದ ಬೇರೆ ದೇಶದವರನ್ನೂ ಕರೆಯಿರಿ. ನಿಮ್ಮ ತಂಡದವರನ್ನು ಮಾತ್ರ ಬೇಡ, ಅವರಿಗೆ ಉತ್ತರ ಗೊತ್ತಿರುತ್ತದೆ.

ಹಂತ 9: ತೆರೆದ ಮೇಲೂ ತಿದ್ದುತ್ತಿರಿ

ಹಾಲ್ ಆಫ್ ಪ್ರೆಸಿಡೆಂಟ್ಸ್ 1971ರಲ್ಲಿ ಶುರುವಾದಾಗ ಇದ್ದ ಸ್ಕ್ರಿಪ್ಟ್ ಹೆಚ್ಚುಕಡಿಮೆ ಎರಡು ದಶಕ ಹಾಗೇ ನಡೆಯಿತು. ಗುಲಾಮಗಿರಿಯ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲವೆಂದು ಆಕ್ಷೇಪಿಸಿದ ಇತಿಹಾಸಕಾರ ಎರಿಕ್ ಫೋನರ್ ಅವರನ್ನೇ ಸಲಹೆಗಾರರಾಗಿ ಕರೆದು 1993ರಲ್ಲಿ ಸ್ಕ್ರಿಪ್ಟ್ ಬದಲಾಯಿಸಿದರು. ಟೀಕಿಸಿದವರನ್ನೇ ಮೇಜಿನ ಬಳಿಗೆ ಕರೆಯುವುದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಅವರು ಹೇಗೂ ನಿಮ್ಮ ಪ್ರದರ್ಶನವನ್ನು ಗಮನವಿಟ್ಟು ನೋಡಿರುತ್ತಾರೆ.

ಅಷ್ಟು ವರ್ಷ ಕಾಯದಿರಲು ಐದು ವರ್ಷಕ್ಕೊಮ್ಮೆ ಪರಿಶೀಲನೆಯನ್ನು ಒಪ್ಪಂದದಲ್ಲೇ ಸೇರಿಸಿ, ಆಗ ಮೂಲಗಳ ಕಡತವನ್ನು ಹೊಸ ಸಂಶೋಧನೆಯ ಎದುರಿಟ್ಟು ನೋಡಿ. ನಿರೂಪಕರ ಮಾತನ್ನು ಗೊಂಬೆಗಳ ಮಾತಿನಿಂದ ಬೇರೆ ಧ್ವನಿಪಥದಲ್ಲಿ ಮುದ್ರಿಸಿಕೊಳ್ಳಿ. ಆಗ ಗೊಂಬೆಯ ಚಲನೆ ಮುಟ್ಟದೆ ನಿರೂಪಣೆಯನ್ನಷ್ಟೇ ತಿದ್ದಬಹುದು. ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿಯ ಕೈಯಲ್ಲಿ ಒಂದು ಪುಟದ ಹಾಳೆ ಇರಲಿ: ಯಾವ ದೃಶ್ಯಕ್ಕೆ ಯಾವ ದಾಖಲೆ, ಯಾವುದು ನಮ್ಮ ಕಲ್ಪನೆ. 'ಅದು ನಿಜವಾಗಿ ನಡೆದದ್ದಾ?' ಎಂಬ ಪ್ರಶ್ನೆ ನಿಮ್ಮ ಕಚೇರಿಗೆ ಬರುವುದಿಲ್ಲ, ಅವರಿಗೆ ಬರುತ್ತದೆ. ಹೆಚ್ಚಾಗಿ ಮಕ್ಕಳಿಂದ, ಮುಂದಿನ ಪ್ರದರ್ಶನಕ್ಕೆ ನಿಂತವರ ಸಾಲು ಹಿಂದಿನಿಂದ ನೂಕುತ್ತಿರುವಾಗಲೇ.